ದೇವರ ಕೋಣೆಯಲ್ಲಿ ಪುಸ್ತಕ ಇಡ್ತೀನಿ ಅಂದ್ರೆ ಬಾಡಿಗೆಗೆ ಮನೆ ಇಲ್ವಂತೆ

ಈಗಷ್ಟೇ ನಮ್ಮ ಬಿಲ್ಡಿಂಗ್‌ನಲ್ಲಿ ನಡೆದಿದ್ದು, ಇನ್ನೂ ಮೈ ಉರೀತಿದೆ. ಖಾಲಿ ಇರೋ ಮನೆ ನೋಡೋಕೆ ಗಂಡ ಹೆಂಡತಿ ಬಂದಿದ್ರು, ಅಡ್ವಾನ್ಸ್ ಮಾತೂ ಮುಗಿದಿತ್ತು. ಓನರ್ ಆಂಟಿ ದೇವರ ಕೋಣೆ ತೋರಿಸಿದಾಗ ಆ ಹುಡುಗಿ "ನಾವು ಪೂಜೆ ಎಲ್ಲಾ ಮಾಡಲ್ಲ ಆಂಟಿ, ಇಲ್ಲಿ ಪುಸ್ತಕ ಇಟ್ಕೋಬಹುದಾ" ಅಂದ್ಳು. ಅಷ್ಟೇ. ಇನ್ನೊಬ್ರು ಕೇಳಿದಾರೆ, ನೋಡಿ ಹೇಳ್ತೀನಿ ಅಂತ ಸಾಗಹಾಕಿದ್ರು. ಯಾರೂ ಕೇಳಿಲ್ಲ! ಆಮೇಲೆ ನನಗೆ ಹೇಳ್ತಾರೆ, "ದೇವರಿಗೇ ಹೆದರದೋರು ಇನ್ಯಾರಿಗೆ ಹೆದರ್ತಾರಮ್ಮಾ?" ಸುಳ್ಳು ಹೇಳಿದ್ದು ದೇವರಿಗೆ ಹೆದರೋರು, ನಿಜ ಹೇಳಿದ್ದು ಆ ಹುಡುಗಿ.

ನಾನು ದಿನಾ ದೀಪ ಹಚ್ಚೋಳು, ನಿಮಗೆಲ್ಲ ಗೊತ್ತು. ಅದಕ್ಕೇ ಈ ಮಾತು ನನಗೆ ಜಾಸ್ತಿ ಚುಚ್ತು. ನನ್ನ ಭಕ್ತಿನ ಯಾರೋ ಕ್ಯಾರೆಕ್ಟರ್ ಸರ್ಟಿಫಿಕೇಟ್ ಮಾಡ್ಕೊಂಡ್ರೆ ನನಗೆ ಆಗಲ್ಲ.

ಆಂಧ್ರದ ಗೋರಾ ಗೊತ್ತಲ್ಲ, ಗೋಪರಾಜು ರಾಮಚಂದ್ರ ರಾವ್. ನಾಸ್ತಿಕ ಅಂತ ಕಾಲೇಜಿನ ಕೆಲಸ ಹೋಯ್ತು, 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದ್ರು, ಅಸ್ಪೃಶ್ಯತೆ ಹೋಗ್ಲಿ ಅಂತ ಊರೂರಲ್ಲಿ ಸಹಪಂಕ್ತಿ ಭೋಜನ ಮಾಡಿಸಿದ್ರು, ಮಗಳನ್ನ ದಲಿತ ಹುಡುಗನಿಗೆ ಕೊಟ್ಟು ಮದುವೆ ಮಾಡಿದ್ರು. ದಿನಾ ರಾಮನಾಮ ಹೇಳ್ತಿದ್ದ ಗಾಂಧೀಜಿನೇ ಈ ಗೋರಾನ ತಮ್ಮ ಸೇವಾಗ್ರಾಮ ಆಶ್ರಮಕ್ಕೆ ಕರೆಸಿ ಕೂರಿಸ್ಕೊಂಡು ಮಾತಾಡಿದ್ರು. ಅದೇ ಕಾಲದಲ್ಲಿ ಮೂರು ಹೊತ್ತು ಪೂಜೆ ಮಾಡೋರು ಎಷ್ಟೋ ಜನ ದಲಿತರಿಗೆ ಬಾವಿ ನೀರು ಮುಟ್ಟೋಕೂ ಬಿಡ್ತಿರ್ಲಿಲ್ಲ. ದೇವರ ಭಯ ಅವರಿಗೂ ಇತ್ತಲ್ವಾ?

ಭಯ ಇದ್ರೆ ಒಳ್ಳೇದೇ ಅಂತೀರೇನೋ. ಮಂಜುನಾಥನ ಆಣೆ ಹಾಕು ಅಂದ್ರೆ ಎಂಥವನೂ ತಡವರಿಸ್ತಾನೆ, ನಾನೂ ನೋಡಿದೀನಿ, ಒಪ್ತೀನಿ. ಆದ್ರೆ ಆಣೆ ಹಾಕು ಅನ್ನೋವರೆಗೂ ಅವನು ಆರಾಮಾಗಿ ಸುಳ್ಳು ಹೇಳ್ತಿದ್ನಲ್ಲ? ಇನ್ನು ತಪ್ಪು ಕಾಣಿಕೆ. ಅಣ್ಣತಮ್ಮಂದಿರ ಜಮೀನು ನುಂಗಿದವನು ಹುಂಡಿಗೆ ಹಾಕಿ ಕೈಮುಗಿದು ಬಂದ್ರೆ ಮನಸ್ಸು ಹಗುರ ಆಗುತ್ತೆ, ಜಮೀನು ಕಳ್ಕೊಂಡೋನಿಗೆ ಏನು ಬಂತು ಹೇಳಿ.

ಮೊನ್ನೆ ನನ್ನ ಮಗಳು ಪಕ್ಕದ ಹುಡುಗಿಯ ಜಾಮಿಟ್ರಿ ಬಾಕ್ಸ್‌ನಿಂದ ಕಂಪಾಸ್ ಎತ್ಕೊಂಡು ಬಂದಿದ್ಳು. ಅಜ್ಜಿ "ದೇವರು ಕಣ್ಣು ಕುಕ್ತಾನೆ ನೋಡು" ಅಂದ್ರು. ಮಗು ಹೆದರಿ ಕಂಪಾಸ್‌ನ ಬ್ಯಾಗ್ ತಳಕ್ಕೆ ಬಚ್ಚಿಟ್ಳು, ವಾಪಸ್ ಕೊಡ್ಲಿಲ್ಲ. ಅತ್ತೆ ಎದುರು ಮಾತಾಡಲ್ಲ ನಾನು, ಆವತ್ತು ಮಾತಾಡ್ದೆ. ಮಗಳನ್ನ ಕೂರಿಸ್ಕೊಂಡು, ನಾಳೆ ಅವಳ ಕ್ಲಾಸಲ್ಲಿ ವೃತ್ತ ಬರೀರಿ ಅಂದ್ರೆ ಅವಳು ಯಾವುದ್ರಲ್ಲಿ ಬರೀತಾಳೆ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಚಪ್ಪಲಿ ಹಾಕ್ಕೊಂಡು ಅವರ ಮನೆಗೆ ಓಡಿದ್ಳು.