ಆಚೆ ಅಂದರೆ ಸುನಾಮಿ ಒಂದೇ ಅಲ್ಲ

ಇಂಡೋನೇಷ್ಯಾದ ಆಚೆ ಪ್ರಾಂತ್ಯದ ಒಳನಾಡಿನ ಹಳ್ಳಿ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. (ಹೆಸರು ಕೇಳಿದರೆ ನಮಗೆ 'ಆಚೆ ಹೋಗು' ಅಂದ ಹಾಗೇ ಕೇಳುತ್ತದೆ, ಅಲ್ವಾ!) ಆದರೆ ಹಳ್ಳಿಯ ಬಡತನಕ್ಕೆಲ್ಲ 2004ರ ಸುನಾಮಿಯೇ ಕಾರಣ ಅನ್ನುವ ಹಾಗೆ ಬರೆದಿದ್ದೀರಿ. ಅದು ಸರಿಯಿಲ್ಲ. ಅಲೆ ಹೊಡೆದದ್ದು ಕರಾವಳಿಗೆ. ಗುಡ್ಡದ ಕಡೆಯ ಹಳ್ಳಿಗಳನ್ನು ಹಿಂಡಿದ್ದು ಆಚೆ ಬೇರೆ ದೇಶವಾಗಬೇಕು ಅಂದ ಬಂಡುಕೋರರಿಗೂ ಇಂಡೋನೇಷ್ಯಾದ ಸೈನ್ಯಕ್ಕೂ 1976ರಿಂದ ನಡೆದ ಜಗಳ. ಅದು ನಿಂತದ್ದು 2005ರ ಆಗಸ್ಟ್ 15ರಂದು, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಇಬ್ಬರಿಗೂ ಶಾಂತಿ ಒಪ್ಪಂದವಾದ ಮೇಲೆ. ಅಲ್ಲಿಯವರೆಗೆ ಎಷ್ಟೋ ಮಂದಿ ಗದ್ದೆ ತೋಟ ಬಿಟ್ಟು ಓಡಿದ್ದರು. ಆಮೇಲೆ ಹೊರಗಿನ ನೆರವು ಜಾಸ್ತಿ ಹರಿದದ್ದೂ ಕರಾವಳಿಗೇ.

ಇನ್ನೊಂದು ಮಾತು. ಹೆಂಗಸರ ಬಗ್ಗೆ ಒಂದೇ ಸಾಲು ಬರೆದು ಮುಗಿಸಿದ್ದೀರಿ. ಅಲ್ಲಿ ಹೆಂಡತಿಗೆ 'ಪೋ ರುಮೋಹ್' ಅನ್ನುತ್ತಾರೆ, ಅಂದರೆ ಮನೆಯ ಒಡತಿ. ಸುಮ್ನೆ ಮರ್ಯಾದೆಗೆ ಕರೆಯುವ ಹೆಸರಲ್ಲ. ಮನೆ ಹೆಣ್ಣುಮಕ್ಕಳ ಪಾಲಿಗೆ ಹೋಗುವುದು, ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುವುದು ಅಲ್ಲಿಯ ಹಳೆಯ ಪದ್ಧತಿ. ಬೆಳೆದ ಹುಡುಗರು ರಾತ್ರಿ ಮಲಗುತ್ತಿದ್ದದ್ದು ಮನೆಯಲ್ಲಲ್ಲ, 'ಮೆನಸಾ'ದಲ್ಲಿ. ನಮಾಜು, ಕುರಾನ್ ಪಾಠ, ಊರ ಪಂಚಾಯಿತಿ ಎಲ್ಲ ನಡೆಯುವ ಜಾಗ ಅದು. ಗಂಡಸರು ದುಡಿಮೆಗೆ ದೂರ ಹೋದರೆ ಗದ್ದೆ ಕೆಲಸವೂ ಹೆಂಗಸರದೇ.

ಅಂದ ಹಾಗೆ, ಬಂದ ನೆಂಟರಿಗೆ ಅವರೂ ಎಲೆ ಅಡಿಕೆ ಕೊಡುತ್ತಾರೆ. ಮಲೆನಾಡಿನ ನಮ್ಮಮ್ಮನಿಗೆ ಇದನ್ನು ಓದಿ ಹೇಳಿದೆ. "ಹಾಗಾದ್ರೆ ಸುಣ್ಣ ಎಲ್ಲಿಂದ ತರ್ತಾರಂತೆ?" ಅಂತ ಕೇಳಿದರು. ಅದನ್ನೂ ಬರೀರಿ ಸಾರ್.