ಗೊತ್ತೈತಿ ಬಿಡೋ ತಮ್ಮಾ

ಜಾದೂ ಮಾಡುವವನ ಹೊಟ್ಟೆ ಉರಿಸಲು ನಮ್ಮ ಬಾಗಲಕೋಟೆಯಲ್ಲಿ ಯಾರೂ ಕಷ್ಟಪಡಬೇಕಾಗಿಲ್ಲ. ಎರಡನೇ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು, ಪಕ್ಕದವನ ಕಿವಿಯಲ್ಲಿ ಹೇಳಿದಂತೆ ಮಾಡಿ ಇಡೀ ಹಾಲಿಗೆ ಕೇಳಿಸುವ ಹಾಗೆ, "ಇದು ನನಗ ಗೊತ್ತೈತಿ ಬಿಡೋ" ಎಂದರೆ ಸಾಕು.

ಇಲ್ಲಿನ ಜನ ಸುಲಭಕ್ಕೆ ಬೆರಗಾಗುವವರೂ ಅಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿ ಓಣಿಗಳೇ ಹೋದದ್ದನ್ನು ಕಣ್ಣಾರೆ ನೋಡಿ, ಗಂಟುಮೂಟೆ ಹೊತ್ತು ನವನಗರದ ಸೆಕ್ಟರುಗಳಿಗೆ ಬಂದವರು. ಅಂಥವರ ಮುಂದೆ ನಾನು ಒಂದು ರೂಪಾಯಿ ನಾಣ್ಯ ಮಾಯ ಮಾಡಿ, ಖಾಲಿ ಕೈ ತೋರಿಸಿ, ಚಪ್ಪಾಳೆಗೆ ಕಾಯುತ್ತ ನಿಂತಿದ್ದೆ. ಹಿಂದಿನಿಂದ ಒಬ್ಬರು ಕೇಳಿದರು: "ಪರಿಹಾರ ಎಷ್ಟ್ ಕೊಡ್ತೀರಿ?"

ಹೊಟ್ಟೆಪಾಡಿಗೆ ನಾನು ಗುಮಾಸ್ತ. ಜಾದೂ ಸುಮ್ನೆ ಹುಚ್ಚು. ಶಾಲೆಯ ಗ್ಯಾದರಿಂಗ್, ಗಣಪತಿ ಪೆಂಡಾಲ್, ಜವಳ, ತೊಟ್ಟಿಲು, ಎಲ್ಲಿ ಕರೆದರೂ ಹೋಗುತ್ತೇನೆ. ಸಂಭಾವನೆ ಎಂದರೆ ಊಟ ಮತ್ತು ಒಂದು ಟಾವೆಲ್. ಮನೆಯಲ್ಲಿ ಈಗ ಟಾವೆಲ್ ಜಾಸ್ತಿಯಾಗಿವೆ.

ಗೊತ್ತಿದ್ದವರ ಹತ್ತಿರ ಇರುವ ಉತ್ತರಗಳು ಮಾತ್ರ ಕಡಿಮೆ. ತೋಳು, ದಾರ, ಕನ್ನಡಿ, ಮ್ಯಾಗ್ನೆಟ್. ಪ್ರಪಂಚದ ಎಲ್ಲ ಜಾದೂ ಇಷ್ಟರಲ್ಲೇ ಮುಗಿಯಿತು.

ತೋಳಿನ ಪಕ್ಷದವರು ಸ್ವಲ್ಪ ಒರಟು. ಒಂದು ಹುಟ್ಟುಹಬ್ಬದಲ್ಲಿ ನಾಣ್ಯ ಮಾಯವಾದ ಕೂಡಲೇ ಹುಡುಗರು, "ತೋಳಿನ್ಯಾಗ ಐತಿ, ತೋಳಿನ್ಯಾಗ ಐತಿ" ಎಂದು ಕೂಗಿದರು. ತೋಳು ಮಡಚಿ ಮತ್ತೆ ಮಾಯ ಮಾಡಿದೆ. "ಅಂಗಿ ಕಳೀರಿ ಅಂಕಲ್!" ಅವರ ಅಪ್ಪಂದಿರೂ ದನಿಗೂಡಿಸಿದರು. ಮಾನದ ಪ್ರಶ್ನೆ ಬಂತಲ್ಲ, ಅಂಗಿ ಕಳಚಿ ಕೇಕಿನ ಪಕ್ಕ ಬನಿಯನ್ನಿನಲ್ಲಿ ನಿಂತು ಇನ್ನೊಮ್ಮೆ ಮಾಯ ಮಾಡಿದೆ. ಗಲಾಟೆ ನಿಂತಿತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಒಂದು ಪುಟ್ಟ ಹುಡುಗಿ ಎದ್ದು ಬಂದು, ನನ್ನ ಹೊಟ್ಟೆಯ ಹತ್ತಿರ ಬಗ್ಗಿ ನೋಡಿ, "ಬನಿಯನ್ನಿಗೆ ತೂತ್ ಐತಿ. ಅಲ್ಲಿಂದ ಒಳಗ ಹೋತು" ಎಂದಳು. ಆ ಫೋಟೋ ಇನ್ನೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಾಣ್ಯ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಹೊಸ ಬನಿಯನ್ ತಗೊಂಡ್ರಾ ಎಂದು ಕೇಳುತ್ತಾರೆ.

ಮ್ಯಾಗ್ನೆಟ್ ಪಕ್ಷಕ್ಕೆ ನಮ್ಮ ಓಣಿಯ ಕಾಕಾ ಒಬ್ಬರೇ ಸಾಕು. ಕರೆಂಟಿನ ಕಂಬ ಹತ್ತಿ ಇಳಿದು ನಿವೃತ್ತರಾದವರು. ನನ್ನ ಒಂದು ಕಾರ್ಯಕ್ರಮವನ್ನೂ ತಪ್ಪಿಸುವುದಿಲ್ಲ. ನಾನು ಪೆಟ್ಟಿಗೆ ತೆರೆಯುವ ಮೊದಲೇ ಅವರಿಗೆ ಗುಟ್ಟು ಗೊತ್ತಿರುತ್ತದೆ. "ಮ್ಯಾಗ್ನೆಟ್ ಐತಿ ಒಳಗ. ನಾ ಸರ್ವೀಸಿನ್ಯಾಗ ಇಂಥಾವು ಭಾಳ ನೋಡೀನಿ."

ಹಾಗಂತ ಮ್ಯಾಗ್ನೆಟ್ಟನ್ನು ತೀರ ತಳ್ಳಿಹಾಕುವಂತಿಲ್ಲ. ಫ್ರಾನ್ಸಿನ ರಾಬರ್ಟ್ ಹೂಡಿನ್ ಮೊದಲು ಗಡಿಯಾರ ರಿಪೇರಿ ಕಲಿತು ಆಮೇಲೆ ಜಾದೂಗಾರನಾದವನು. 1856ರಲ್ಲಿ ಅಲ್ಲಿನ ಸರ್ಕಾರ ಅವನನ್ನು ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿ ಪವಾಡ ತೋರಿಸಿ ಜನರನ್ನು ಕೈಯಲ್ಲಿಟ್ಟುಕೊಂಡಿದ್ದವರಿಗಿಂತ ಫ್ರಾನ್ಸಿನ ಪವಾಡವೇ ದೊಡ್ಡದು ಎಂದು ತೋರಿಸಬೇಕಿತ್ತು. ಒಂದು ಸಣ್ಣ ಪೆಟ್ಟಿಗೆ ಇಟ್ಟ. ಮೊದಲು ಯಾರು ಬೇಕಾದರೂ ಎತ್ತಬಹುದು. ಆಮೇಲೆ ಗಟ್ಟಿ ಜಟ್ಟಿ ಬಂದರೂ ಅಲುಗಾಡುತ್ತಿರಲಿಲ್ಲ. ಕೆಳಗೆ ಇದ್ದದ್ದು ವಿದ್ಯುತ್ ಹರಿಸಿದಾಗ ಮಾತ್ರ ಹಿಡಿಯುವ ಮ್ಯಾಗ್ನೆಟ್. ಆ ದಿನ ನಮ್ಮ ಕಾಕಾ ಎರಡನೇ ಸಾಲಿನಲ್ಲಿ ಇದ್ದಿದ್ದರೆ ಫ್ರಾನ್ಸ್ ಸರ್ಕಾರ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಏನು ಮಾಡುವುದು, ಕಾಕಾ ಹುಟ್ಟಿದ್ದು ತಡವಾಯಿತು. ಬಂದು ಸಿಕ್ಕಿದ್ದು ನನಗೆ.

ನಾನು ಮಾಡುವುದು ಬಟ್ಟಲು ಮತ್ತು ಗೋಲಿಯ ಆಟ. ಸಂತೆಯಲ್ಲಿ ಗಾರುಡಿಗರು ಮಾಡುತ್ತಾರಲ್ಲ, ಅದೇ. ಬಹಳ ಹಳೆಯದು. ರೋಮಿನ ತತ್ವಜ್ಞಾನಿ ಸೆನೆಕಾ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಗೆಳೆಯನಿಗೆ ಬರೆದ ಪತ್ರದಲ್ಲಿ ಇದನ್ನು ನೆನೆದಿದ್ದಾನೆ. ಮೋಸ ಹೋಗುವುದರಲ್ಲೇ ಮಜಾ, ಹೇಗೆ ಅಂತ ಗೊತ್ತಾದರೆ ಮಜಾ ಹೋಯಿತು ಎಂಬರ್ಥದ ಮಾತು. ದೊಡ್ಡ ಮನುಷ್ಯ. ಅಂಥ ಪ್ರೇಕ್ಷಕ ನನಗೆ ಒಬ್ಬನೂ ಸಿಕ್ಕಿಲ್ಲ.

ಈ ಆಟದ ಕೊನೆಯಲ್ಲಿ ಬಟ್ಟಲು ಎತ್ತಿದರೆ ಗೋಲಿ ಇರುವ ಕಡೆ ಏನಾದರೂ ದಪ್ಪ ವಸ್ತು ಇರಬೇಕು. ಒಂದು ತೊಟ್ಟಿಲು ಕಾರ್ಯಕ್ರಮದಲ್ಲಿ ಪ್ಲಾಸ್ಟಿಕ್ ಮೊಟ್ಟೆ ಇಟ್ಟಿದ್ದೆ. ಎತ್ತಿದ ಕೂಡಲೇ ಮನೆಯ ಹಿರಿಯರು, "ಅಯ್ಯ ಶಿವನ! ಸ್ವಾಮಿಗೋಳು ಬರೂ ಹೊತ್ತಿನ್ಯಾಗ ಮನಿಯೊಳಗ ತತ್ತಿ ತಂದಾನ!" ಎಂದು ಎದ್ದು ನಿಂತರು. ಪ್ಲಾಸ್ಟಿಕ್ಕಿನದು ಎಂದು ನೆಲಕ್ಕೆ ಬಡಿದು ತೋರಿಸಿದರೂ ಅಂಗಳಕ್ಕೆ ನೀರು ಹಾಕಿಸಿದರು. ಮುಂದಿನ ಸಲ ನಿಂಬೆಹಣ್ಣು ಇಟ್ಟೆ. ಲಂಡನ್ನಿನವರೂ ನಿಂಬೆಯನ್ನೇ ಇಡುತ್ತಾರೆ. ಆದರೆ ಅಲ್ಲಿ ಬಾಣಂತಿಯ ಅಜ್ಜಿ ಕೂತಿರುವುದಿಲ್ಲ. ಖಾಲಿ ಬಟ್ಟಲಿನ ಕೆಳಗೆ ತಾನಾಗಿ ನಿಂಬೆಹಣ್ಣು ಬಂದದ್ದನ್ನು ನೋಡಿ ಅಜ್ಜಿ ಕೂಸನ್ನು ಎತ್ತಿಕೊಂಡು ಒಳಗೆ ಓಡಿದರು. ನನಗೆ ಊಟ ಹೊರಗೇ ಬಂತು. ಕೊನೆಗೆ ಈಗ ಉಳ್ಳಾಗಡ್ಡಿಗೆ ಬಂದು ನಿಂತಿದ್ದೇನೆ. ಉಳ್ಳಾಗಡ್ಡಿಗೆ ಯಾರ ತಕರಾರೂ ಇಲ್ಲ. ಕಾಕಾ ಒಬ್ಬರನ್ನು ಬಿಟ್ಟು.

"ಮ್ಯಾಗ್ನೆಟ್."

"ಉಳ್ಳಾಗಡ್ಡಿಗೆ ಮ್ಯಾಗ್ನೆಟ್ ಹೆಂಗ ಹಿಡೀತೈತ್ರಿ ಕಾಕಾ?"

"ಉಳ್ಳಾಗಡ್ಡ್ಯಾಗ ಕಬ್ಬಿಣದ ಅಂಶ ಇರತೈತಿ ತಮ್ಮಾ. ಡಾಕ್ಟರ್ರನ್ನ ಕೇಳು."

ಇಂಥವರ ಬಾಯಿ ಮುಚ್ಚಿಸಲು ಹಳೆಯ ಜಾದೂಗಾರರು ಹೇಳಿಕೊಟ್ಟ ಉಪಾಯಗಳಿವೆ. ಜಗಳ ಆಡಬೇಡ. ನಕ್ಕುಬಿಡು. ಅವನ ಕೈಗೇ ಏನಾದರೂ ಕೆಲಸ ಕೊಡು. ಎಲ್ಲಕ್ಕಿಂತ ಮುಖ್ಯ, ಒಂದೇ ಆಟವನ್ನು ಎರಡು ಸಲ ತೋರಿಸಬೇಡ. ಈ ಕೊನೆಯದನ್ನು ಮುರಿದು ಗೆದ್ದವನು ಡಾಯ್ ವರ್ನನ್ ಎಂಬ ಜಾದೂಗಾರ. ಹ್ಯಾರಿ ಹೂಡಿನಿ, ಬೀಗ ಬೇಡಿಗಳನ್ನು ಬಿಡಿಸಿಕೊಂಡು ಬರುತ್ತಿದ್ದನಲ್ಲ, ಯಾವ ಆಟವನ್ನಾದರೂ ಮೂರು ಸಲ ತೋರಿಸಿದರೆ ಗುಟ್ಟು ಹೇಳುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದ. 1922ರಲ್ಲಿ ಶಿಕಾಗೋದಲ್ಲಿ ವರ್ನನ್ ಒಂದು ಇಸ್ಪೀಟ್ ಎಲೆಯ ಮೇಲೆ ಹೂಡಿನಿಯ ಕೈಯಲ್ಲೇ ಗುರುತು ಹಾಕಿಸಿ, ಕಟ್ಟಿನೊಳಗೆ ತುರುಕಿ, ಮತ್ತೆ ಮೇಲೆ ಬರಿಸಿದ. ಮೂರು ಸಲವೇನು, ಅದಕ್ಕಿಂತ ಜಾಸ್ತಿ ಸಲ ತೋರಿಸಿದರೂ ಹೂಡಿನಿಗೆ ತಿಳಿಯಲಿಲ್ಲ. ಈ ಕತೆಯನ್ನು ಕಾಕಾಗೆ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತ, "ನನ್ನ ಕೇಳಬೇಕಿತ್ತು ಅಂವಾ" ಎಂದರು.

ಸರಿ, ಕೆಲಸ ಕೊಡುವ ಉಪಾಯವನ್ನೇ ನೋಡೋಣ ಎಂದು ಒಂದು ಮದುವೆಯ ಹಿಂದಿನ ರಾತ್ರಿ ನಿರ್ಧರಿಸಿದೆ. ಕಲ್ಯಾಣ ಮಂಟಪದ ಮಾಳಿಗೆಯ ಮೇಲೆ ಜಮಖಾನೆ ಹಾಸಿ ಗಂಡಸರೆಲ್ಲ ಕೂತಿದ್ದರು. ಮದುಮಗನ ಟೊಪ್ಪಿಗೆಯಿಂದ ಇಸ್ಪೀಟ್ ಎಕ್ಕಾ ತೆಗೆದು ತೋರಿಸಿದೆ. ಎಲ್ಲರೂ ಹೋ ಎಂದರು. ಕಾಕಾ, "ಟೊಪಗ್ಯಾಗ ಮ್ಯಾಗ್ನೆಟ್. ಇದನ್ನ ಯಾರರ ಮಾಡತಾರ" ಎಂದರು. ಎಕ್ಕಾವನ್ನು ಕಟ್ಟಿಗೆ ಸೇರಿಸಿ ಇಡೀ ಕಟ್ಟನ್ನೇ ಅವರ ಕೈಗೆ ಕೊಟ್ಟು, "ಹಂಗಾರ ನೀವ ಮಾಡಿ ತೋರಸ್ರಿ ಕಾಕಾ" ಎಂದೆ.

ಕಾಕಾ ಎಲೆ ಕಲಸಿದರು. ಟೊಪ್ಪಿಗೆ ತಿರುವಿ ನೋಡಿದರು. ಮತ್ತೆ ಕಲಸಿದರು. "ಎಲಿ ಹೊಸಾವು, ಜಾರತಾವು" ಎಂದರು. ಹುಡುಗರು ಕಿಸಕ್ಕನೆ ನಕ್ಕರು. ನನಗೆ ಹಾಯೆನಿಸಿತು. ಅಷ್ಟರಲ್ಲಿ ಬೀಗರ ಕಡೆಯ ಒಬ್ಬರು ಬಾಯಿ ಬಿಟ್ಟರು: "ಎಲಿ ಹೆಂಗೂ ಕೈಯಾಗ ಅದಾವಲ್ಲ. ಹಾಕ್ರಿ ಮೂರೆಲಿ."

ಎಲ್ಲರೂ ಸುತ್ತ ಕೂತೇಬಿಟ್ಟರು. ರೊಕ್ಕದ ಬದಲು ಶೇಂಗಾ. ನಾನು ಕಟ್ಟು ವಾಪಸ್ ಕೇಳಿದೆ. "ನಿನ್ನ ಜಾದೂ ಮುಗೀತಲ್ಲೋ ತಮ್ಮಾ, ಉಣ್ಣಾಕ ಹೋಗು." ಆ ಕಟ್ಟಿನಲ್ಲಿ 53 ಎಲೆ ಇದ್ದವು, ಇಸ್ಪೀಟ್ ಎಕ್ಕಾ ಎರಡು. (1905ರಲ್ಲಿ ಶುರುವಾದ ಲಂಡನ್ನಿನ ಮ್ಯಾಜಿಕ್ ಸರ್ಕಲ್‌ನವರು ಗುಟ್ಟು ಬಿಟ್ಟುಕೊಡಬಾರದು ಎಂಬ ಮಾತನ್ನೇ ಧ್ಯೇಯ ಮಾಡಿಕೊಂಡಿದ್ದಾರೆ. ನಾನು ಅದರ ಸದಸ್ಯನಲ್ಲ, ಹಾಗಾಗಿ ನಿಮ್ಮ ಮುಂದೆ ಹೇಳಬಹುದು.) ಅಲ್ಲಿ ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಏನಾಗುತ್ತದೋ. ತಾಟಿನಲ್ಲಿ ರೊಟ್ಟಿ, ಎಣಗಾಯಿ ಪಲ್ಯ ಹಾಕಿಸಿಕೊಂಡು ಬಂದು ಅಲ್ಲೇ ಮೂಲೆಯಲ್ಲಿ ಕೂತೆ.

ಕೊನೆಯ ಆಟ. ಎಲ್ಲರೂ ಎಲೆ ಒಗೆದರು, ಕಾಕಾ ಮತ್ತು ಬೀಗರು ಮಾತ್ರ ಉಳಿದರು. ಶೇಂಗಾ ರಾಶಿ ಏರುತ್ತ ಹೋಯಿತು. ಬೀಗರು ಮೂರು ರಾಜ ಹಾಕಿ ರಾಶಿಗೆ ಕೈ ಚಾಚಿದರು. ಕಾಕಾ ಅವರ ಕೈ ತಡೆದು, ಮಾಳಿಗೆ ಅದುರುವಂತೆ ಜಮಖಾನೆಗೆ ಬಡಿದರು. ಮೂರೂ ಎಕ್ಕಾ. ಒಂದು ಕಳಾವರ, ಎರಡು ಇಸ್ಪೀಟ್. ಮೂರು ಎಕ್ಕಾ ಕಂಡವನು ಗುರುತು ಯಾವುದು ಅಂತ ನೋಡುತ್ತ ಕೂರುತ್ತಾನಾ?

"ಇಸ್ಪೀಟ್ ಎಕ್ಕಾ ಎರಡ್ ಹೆಂಗ್ ಬಂದ್ವೋ?"

"ಮೋಸ! ತೋಳಿನ್ಯಾಗ ಇಟ್ಕೊಂಡಿದ್ದ!"

"ಅಂಗಿ ಕಳೀರಿ ಇವರದು!"

ಕಾಕಾ ಎಲೆ ನೋಡಿದರು, ನನ್ನ ಕಡೆ ನೋಡಿದರು. ಮೊದಲ ಬಾರಿಗೆ ಅವರಿಗೆ ನಿಜವಾಗಿ ಗೊತ್ತಾಯಿತು. "ಈ ತಮ್ಮನ ಕಟ್ಟಿನ್ಯಾಗ ಮೊದಲ ಎರಡ್ ಇದ್ದೂ! ಅದ ಇವನ ಜಾದೂ!" ಎಂದು ಕೂಗಿದರು.

"ಸುಳ್ಳ ಹೇಳಬ್ಯಾಡ್ರಿ," ಎಂದರು ಬೀಗರು. "ಈಗರ ನೀವ ಮ್ಯಾಗ್ನೆಟ್ ಅಂದ್ರಿ."

ಎಲ್ಲರೂ ನನ್ನತ್ತ ತಿರುಗಿದರು. ಬಾಯಲ್ಲಿ ರೊಟ್ಟಿ ಇತ್ತು. ನುಂಗಿ, "ಮ್ಯಾಗ್ನೆಟ್ಟ ರೀ" ಎಂದೆ.

ಮರುದಿನ ಅಕ್ಕಿಕಾಳು ಬಿದ್ದ ಮೇಲೆ ಕಾಕಾ ಎಲೆಯ ಕಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ತಂದುಕೊಟ್ಟರು. ಮಾತಾಡಲಿಲ್ಲ. ಮನೆಗೆ ಬಂದು ಎಣಿಸಿದೆ. 52. ಇಸ್ಪೀಟ್ ಎಕ್ಕಾ ಒಂದೇ ಇತ್ತು. ಕೇಳಿದ್ದಕ್ಕೆ, "ನನಗೇನ್ ಗೊತ್ತೋ ತಮ್ಮಾ, ಜಾದೂ ಮಾಡಾಂವ ನೀನು" ಎಂದರು. ಈಚೆಗೆ ಗುಡಿಕಟ್ಟೆಯ ಮೇಲೆ ಮೂರೆಲಿ ಕೂತರೆ ಶೇಂಗಾ ಎಲ್ಲ ಕಾಕಾನ ಕಡೆಗೇ ಹೋಗುತ್ತಿದೆಯಂತೆ.