ಕರಡಿಮರಿಯ ಜೋಗುಳ

ನನ್ನ ಸೋದರಮಾವ ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ತಿರಸ್ಕರಿಸಿ ನಿವೃತ್ತರಾದವರು. ಜಾಮೀನುದಾರರಿಲ್ಲದೆ ಬಂದರೆ ಹೆಂಡತಿಗೂ ಸಾಲ ಕೊಡುವವರಲ್ಲ. ಅಂಥವರು ಈಗ ದಿನವೂ ರಾತ್ರಿ ಒಂಬತ್ತೂವರೆಗೆ ಸ್ಟ್ರಾಬೆರಿ ಬಣ್ಣದ ಎರಡು ಕರಡಿಮರಿಗಳನ್ನು, ಅಂದರೆ ನಿದ್ದೆಗೆಂದು ಮಾರುವ ಗಮ್ಮಿ ಮಿಠಾಯಿಗಳನ್ನು, ಬಾಯಿಗೆ ಹಾಕಿಕೊಂಡು, ಇನ್ನು ನಿದ್ದೆಯ ಜವಾಬ್ದಾರಿ ಕರಡಿಗಳದ್ದು ಎಂದು ಹಾಸಿಗೆಗೆ ಬೀಳುತ್ತಾರೆ. ಕರಡಿಗಳಿಗೆ ಜಾಮೀನು ನಿಂತವರು ಯಾರು ಎಂದು ಕೇಳಿದೆ.

"ಪ್ರಕೃತಿ" ಎಂದರು.

ಮೊದಲು ಅವರು ವೈದ್ಯರ ಬಳಿಗೇ ಹೋಗಿದ್ದರು. ವೈದ್ಯರು ಝೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಬರೆದು, ಹತ್ತು ದಿನಕ್ಕೆ ಮಾತ್ರ ಎಂದು ಒತ್ತಿ ಹೇಳಿದರು. ಸಂಜೆಯ ಕಾಫಿ ನಿಲ್ಲಿಸಿ, ಮೊಬೈಲನ್ನು ಹಾಸಿಗೆಗೆ ತರಬೇಡಿ ಎಂದೂ ಹೇಳಿದರು. ಈ ಎರಡು ಮಾತು ಮಾವನ ಕಿವಿಗೆ ಬೀಳಲಿಲ್ಲ. ಅದೇ ರಾತ್ರಿ ಹಾಸಿಗೆಯಲ್ಲಿ ಮೊಬೈಲ್ ಹಿಡಿದು, ಆ ಮಾತ್ರೆಯ ಮಾಹಿತಿಪತ್ರ ಹುಡುಕಿ, ಅಕ್ಷರ ಹಿಗ್ಗಿಸಿಕೊಂಡು ಒಂದೂವರೆಯವರೆಗೆ ಓದಿದರು. ತಲೆಸುತ್ತು, ಮರೆವು, ಅಭ್ಯಾಸವಾಗಿಬಿಡುವ ಅಪಾಯ. ನಿದ್ದೆಯಲ್ಲೇ ಎದ್ದು ನಡೆದವರು, ಕಾರು ಓಡಿಸಿಕೊಂಡು ಹೋದವರೂ ಇದ್ದಾರಂತೆ. ಇದು ಕಟ್ಟುಕತೆಯಲ್ಲ, 2019ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಜಾತಿಯ ಮಾತ್ರೆಗಳ ಮೇಲೆ ಇದನ್ನೇ ಚೌಕಟ್ಟು ಹಾಕಿ ಎಚ್ಚರಿಸಬೇಕೆಂದು ಕಡ್ಡಾಯ ಮಾಡಿದ್ದಾರೆ. ಮಾವ ಬೆವತುಹೋದರು. (ಅವರಿಗೆ ಎಚ್ಚರವಿದ್ದಾಗಲೂ ಕಾರು ಓಡಿಸಲು ಬರುವುದಿಲ್ಲ. ಅದು ಬೇರೆ ಮಾತು.)

ಅಷ್ಟರಲ್ಲಿ ನ್ಯೂಜೆರ್ಸಿಯಿಂದ ಮಗಳು ಬಂದಳು. ಬಾದಾಮಿ, ಚಾಕೊಲೇಟುಗಳ ನಡುವೆ ಒಂದು ದಪ್ಪ ಬಾಟಲಿಯನ್ನೂ ತಂದಳು. ಅದರ ಮೇಲೆ ನೇರಳೆ ಬಣ್ಣದ ಚಂದ್ರ, ಟೋಪಿ ಹಾಕಿಕೊಂಡು ಮಲಗಿದ ಕರಡಿ, ಮೂಲೆಯಲ್ಲಿ ಒಂದು ಹಸಿರು ಎಲೆ. ಮಾವ ಬಾಟಲಿಯನ್ನು ಮೂರು ಸುತ್ತು ತಿರುಗಿಸಿ ನೋಡಿ, "ಒಂದೇ ಒಂದು ಅಡ್ಡಪರಿಣಾಮ ಬರೆದಿದ್ದಾರೇನೋ ಹುಡುಕು" ಎಂದು ನನ್ನ ಕೈಗಿಟ್ಟರು. ಬರೆದಿರಲಿಲ್ಲ. ಬರೆದಿಲ್ಲ ಎಂದ ಮೇಲೆ ಇಲ್ಲ ಎಂದಾಯಿತು.

ಅವರ ಗೃಹನಿರ್ಮಾಣ ಸಂಘದಲ್ಲೂ ನಡೆದದ್ದು ಹೀಗೆಯೇ. ಒಬ್ಬ ಕಾರ್ಯದರ್ಶಿ ವಾರ್ಷಿಕ ಸಭೆಯಲ್ಲಿ ಖರ್ಚಿನ ಪ್ರತಿ ರೂಪಾಯಿಯನ್ನೂ ಓದಿದ. ಬಲ್ಬಿಗೆ ಇಷ್ಟು ಏಕೆ, ಹಾರಕ್ಕೆ ಇಷ್ಟು ಏಕೆ ಎಂದು ಎಲ್ಲರೂ ಮೇಲೆ ಬಿದ್ದು ಅವನನ್ನು ಕಳ್ಳನೆಂದು ತೀರ್ಮಾನಿಸಿ ಇಳಿಸಿದರು. ಆಮೇಲೆ ಬಂದವನು ಲೆಕ್ಕವನ್ನೇ ಕೊಟ್ಟಿಲ್ಲ. ಸಾಧುವಿನಂಥ ಮನುಷ್ಯ ಎಂದು ಹೆಸರಾಗಿದ್ದಾನೆ.

ಇನ್ನು ಕರಡಿಯ ಹೊಟ್ಟೆಯೊಳಗೆ ಇರುವುದೇನು? ಮೆಲಟೋನಿನ್. ಕತ್ತಲಾದರೆ ನಮ್ಮ ತಲೆಯೊಳಗಿನ ಪೀನಿಯಲ್ ಗ್ರಂಥಿ ಬಿಟ್ಟಿಯಾಗಿ ಸುರಿಸುವ ಹಾರ್ಮೋನು. ಮಾರುಕಟ್ಟೆಗೆ ಬರುವುದು ಬಹುಮಟ್ಟಿಗೆ ಕಾರ್ಖಾನೆಯಲ್ಲಿ ತಯಾರಾದದ್ದು. ಪ್ರಕೃತಿಯ ಪಾಲು ಏನಿದ್ದರೂ ಆ ಬಾಟಲಿಯ ಮೇಲಿನ ಎಲೆಯಷ್ಟೇ. ಲಂಡನ್ನಿನಲ್ಲಿ ಇದೇ ವಸ್ತು ಬೇಕೆಂದರೆ ವೈದ್ಯರ ಚೀಟಿ ಬೇಕು. ನ್ಯೂಜೆರ್ಸಿಯಲ್ಲಿ ತರಕಾರಿಯ ಜೊತೆ ಬುಟ್ಟಿಗೆ ಹಾಕಿಕೊಂಡು ಬರಬಹುದು. ಅಟ್ಲಾಂಟಿಕ್ ಸಾಗರ ದಾಟುವಷ್ಟರಲ್ಲಿ ಔಷಧಿ ಮಿಠಾಯಿಯಾಗುತ್ತದೆ. 1994ರಲ್ಲಿ ಅಮೆರಿಕ ಮಾಡಿಕೊಂಡ ಕಾನೂನಿನ ಪ್ರಕಾರ ಇಂಥವು ಪೂರಕ ಆಹಾರ. ಮಾರುವ ಮೊದಲು ಇದರಿಂದ ನಿದ್ದೆ ಬರುತ್ತದೆ ಎಂದು ಸರ್ಕಾರಕ್ಕೆ ಸಾಬೀತು ಮಾಡಿ ತೋರಿಸಬೇಕಿಲ್ಲ.

2023ರಲ್ಲಿ ಅಲ್ಲಿನ ಸಂಶೋಧಕರು ಇಂಥ 25 ಗಮ್ಮಿಗಳನ್ನು ತಂದು ಅಳೆದು ನೋಡಿದರು. 22ರಲ್ಲಿ ಬಾಟಲಿಯ ಮೇಲಿನ ಚೀಟಿ ಹೇಳುವುದೇ ಒಂದು, ಒಳಗಿರುವುದೇ ಒಂದು. ಒಂದರಲ್ಲಿ ಬರೆದದ್ದರ ಸುಮಾರು ಮೂರೂವರೆ ಪಟ್ಟು ಮೆಲಟೋನಿನ್. ಇನ್ನೊಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಇದನ್ನು ಮಾವನಿಗೆ ಓದಿ ಹೇಳಿದೆ. ಬಡ್ಡಿಯಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೆ ಬ್ಯಾಂಕಿನಲ್ಲೇ ರಾತ್ರಿ ಕಳೆಯುತ್ತಿದ್ದ ಮನುಷ್ಯ, "ಸರಾಸರಿ ತೆಗೆದರೆ ಸರಿಹೋಗುತ್ತದೆ ಬಿಡೋ" ಎಂದರು.

ನಮ್ಮ ಅಜ್ಜಿಯೂ ನಿದ್ದೆಯ ಮದ್ದು ಕೊಡುತ್ತಿದ್ದಳು. ಅಳುವ ಕೂಸಿಗೆ ಜಾಯಿಕಾಯಿಯನ್ನು ತೇಯುವ ಕಲ್ಲಿನ ಮೇಲೆ ಎಳೆದು, ಹಾಲಿನಲ್ಲಿ ಕದಡಿ, ಬೆರಳ ತುದಿಯಲ್ಲಿ ನೆಕ್ಕಿಸುತ್ತಿದ್ದಳು. ಎರಡು ಸುತ್ತು ತೇಯಬೇಕು. ಅಮ್ಮ ಮೂರನೆಯ ಸುತ್ತಿಗೆ ಕೈ ಹಾಕಿದರೆ, "ಕೂಸು ಮಲಗಬೇಕು, ಮಂಕಾಗಬಾರದು" ಎಂದು ಕಲ್ಲನ್ನೇ ಕಸಿದುಕೊಳ್ಳುತ್ತಿದ್ದಳು. ಅದು ಸರಿಯಾದ ಮದ್ದೇ ಎಂದು ನಾನು ವಾದಿಸುವುದಿಲ್ಲ. ಇಂದಿನ ಮಕ್ಕಳ ವೈದ್ಯರ ಮುಂದೆ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ. ಆದರೆ ನೈಸರ್ಗಿಕ ಎಂದ ಮಾತ್ರಕ್ಕೆ ನಂಬದೆ ಇದ್ದವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ. ಹಿತ್ತಲಲ್ಲಿ ಬೆಳೆಯುವ ಉಮ್ಮತ್ತಿ ಕಾಯಿಯೂ ನೈಸರ್ಗಿಕವೇ, ಕಾಸರಕದ ಬೀಜವೂ ನೈಸರ್ಗಿಕವೇ. ತಿಂದವರು ಮಲಗುತ್ತಾರೆ, ಸಂಶಯವಿಲ್ಲ.

ಅತ್ತೆಯದ್ದು ಸ್ವದೇಶಿ ಪಕ್ಷ. ಅವರದು ಅಶ್ವಗಂಧದ ಗುಳಿಗೆ. ಬೇರಿಗೆ ಕುದುರೆಯ ವಾಸನೆ ಇರುವುದರಿಂದ ಆ ಹೆಸರು. ಕುದುರೆ ನಿಂತೇ ನಿದ್ದೆ ಮಾಡುವ ಪ್ರಾಣಿ, ಬಸ್ಸಿನಲ್ಲಿ ಓಡಾಡುವ ನಮಗೆ ತಕ್ಕ ಗುರುವೇ. ಇದರಿಂದಲೂ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ ಎಂದರೆ ಅತ್ತೆ ನನ್ನನ್ನು ದೇಶದ್ರೋಹಿಯಂತೆ ನೋಡುತ್ತಾರೆ. ಡಬ್ಬಿಯ ಮುಂಭಾಗದಲ್ಲಿ ಗಾಢ ನಿದ್ದೆಯ ಭರವಸೆ, ಹಿಂಭಾಗದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಔಷಧೀಯ ಬಳಕೆಗಲ್ಲ'. ನಮ್ಮ ಚುನಾವಣಾ ಪ್ರಣಾಳಿಕೆಗಳ ಬೆನ್ನಿಗೂ ಇಂಥದೊಂದು ಸಾಲು ಇರಬೇಕಿತ್ತು.

ಹಾಗೆಂದು ವೈದ್ಯರ ಮಾತ್ರೆಯ ಪಕ್ಷದವರು ಮೀಸೆ ತಿರುವಬೇಕಾಗಿಲ್ಲ. ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್, ಝೋಲ್ಪಿಡೆಮ್ ಮುಂತಾದವು 2014ರಿಂದ ನಮ್ಮ ದೇಶದ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಮಾತ್ರೆಗಳ ಸಂಖ್ಯೆಯನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ನಾನು ಹೋಗುವ ಔಷಧಿ ಅಂಗಡಿಯಲ್ಲಿ ಆ ಪುಸ್ತಕ ಇದೆ. ಅದರ ಮೇಲೆ ಫ್ಯಾನ್ ಇಟ್ಟಿದ್ದಾರೆ. ಹಿರಿಯರೊಬ್ಬರು ಬಂದು ಬಾಯಿ ತೆರೆಯುವ ಮೊದಲೇ ಹುಡುಗ "ಪಾಯಿಂಟ್ ಟೂ ಫೈವ್ ತಾನೇ ತಾತ?" ಎನ್ನುತ್ತಾನೆ. ಅಂದರೆ ಆಲ್ಪ್ರಜೋಲಮ್ಮಿನ ಕಾಲು ಮಿಲಿಗ್ರಾಂ ಮಾತ್ರೆ. ಕತ್ತರಿಯಲ್ಲಿ ಐದು ಮಾತ್ರೆ ಕತ್ತರಿಸುತ್ತಾನೆ. ಹೆಸರು, ಅವಧಿ, ಕೆಂಪಕ್ಷರದ ಎಚ್ಚರಿಕೆ ಎಲ್ಲವೂ ಅಂಗಡಿಯಲ್ಲೇ ಉಳಿದ ಅರ್ಧಕ್ಕೆ ಸೇರಿಹೋಗುತ್ತವೆ. ತಾತನಿಗೆ ಈ ಮಾತ್ರೆ ಬರೆದುಕೊಟ್ಟ ವೈದ್ಯರು ತೀರಿಕೊಂಡು ನಾಲ್ಕು ವರ್ಷವಾಯಿತು. ಚೀಟಿ ಇನ್ನೂ ಬದುಕಿದೆ. ಎಷ್ಟೋ ದಿನ ನುಂಗಿದ ಈ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೂ ಕಷ್ಟ, ಬಿಡದಿದ್ದರೆ ಮುದುಕರು ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವ ಕಷ್ಟ ಎಂದು ಹೇಳಬೇಕಾದವರು ಅವರೇ.

ಮೊನ್ನೆ ಮಾವನ ಮನೆಯಲ್ಲಿ ಉಳಿದಿದ್ದೆ. ಒಂಬತ್ತಕ್ಕೆ ಗಟ್ಟಿ ಡಿಕಾಕ್ಷನ್ನಿನ ಕಾಫಿ. ಒಂಬತ್ತೂವರೆಗೆ ಕರಡಿಗಳು. ಹತ್ತರಿಂದ ಹನ್ನೆರಡೂವರೆವರೆಗೆ 'ಮಲಗಿದ ಐದೇ ನಿಮಿಷದಲ್ಲಿ ನಿದ್ದೆ' ಎಂಬ ವಿಡಿಯೋ, ಅದರ ಎರಡನೆಯ ಭಾಗ, ಮೂರನೆಯ ಭಾಗ. ಒಂದು ಗಂಟೆಗೆ ನನ್ನನ್ನು ಎಬ್ಬಿಸಿ, "ಏಳೋ, ಸ್ವಲ್ಪ ನಡೆದುಬರೋಣ" ಎಂದರು.

ಬೀದಿಯ ತಿರುವಿನಲ್ಲಿ ಎಟಿಎಂ. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾವಲುಗಾರ. ತಲೆಯ ಮೇಲೆ ಟ್ಯೂಬ್‌ಲೈಟು, ಕಾಲಿನ ಬಳಿ ಎರಡು ನಾಯಿಗಳ ಜಗಳ, ಬಾಯಿ ತೆರೆದು ಗೊರಕೆ. ಮಾವ ಎರಡು ನಿಮಿಷ ಅವನನ್ನೇ ನೋಡುತ್ತ ನಿಂತರು. ಆಮೇಲೆ ಭುಜ ಅಲುಗಾಡಿಸಿ, ಬಹಳ ಗೌರವದಿಂದ ಕೇಳಿದರು: "ರಾತ್ರಿ ಹೊತ್ತು ನೀನು ಏನಪ್ಪಾ ತೆಗೆದುಕೊಳ್ಳುವುದು? ನಿಜ ಹೇಳು."

ಅವನು ದಡಬಡಿಸಿ ಎದ್ದು ನಿಂತ. "ದೇವರಾಣೆ ಏನೂ ತೆಗೆದುಕೊಂಡಿಲ್ಲ ಸಾರ್. ಬೇಕಾದರೆ ಚೀಲ ನೋಡಿ."